ಕುಣಿತದ ಅಂಗಳ: ರೆಗೆ ಮತ್ತು ಡಾನ್ಸ್‌ಹಾಲ್ ನಡೆದು ಬಂದ ದಾರಿ

ರೆಗೆ ಮತ್ತು ಡಾನ್ಸ್‌ಹಾಲ್ ಕೆರಿಬಿಯನ್ ಕಡಲಿನ ಜಮೈಕಾ ದ್ವೀಪದ ಸಂಗೀತ ಪ್ರಕಾರಗಳು. ಎರಡೂ ಬೆಳೆದದ್ದು ರಾಜಧಾನಿ ಕಿಂಗ್‌ಸ್ಟನ್ನಿನ ಬಡ ಕೇರಿಗಳಲ್ಲಿ. 1968ರ ಸುಮಾರಿಗೆ ರೆಗೆ ಸ್ಪಷ್ಟ ರೂಪ ತಳೆಯಿತು. ಸುಮಾರು ಹತ್ತು ವರ್ಷಗಳಲ್ಲಿ ಅದರ ಒಡಲಿನಿಂದಲೇ ಡಾನ್ಸ್‌ಹಾಲ್ ಟಿಸಿಲೊಡೆಯಿತು. ಇವುಗಳ ಜೊತೆಗೆ ಒಂದು ಉಡುಗೆಯ ರೀತಿ, ಒಂದು ಚಿತ್ರಶೈಲಿ, ಬೋರ್ಡು ಬರೆಯುವವರ ಒಂದು ಅಕ್ಷರಶೈಲಿ, ಕುಣಿತದ ಹಲವು ಭಂಗಿಗಳೂ ಬೆಳೆದವು. ಇವೆಲ್ಲಕ್ಕೂ ತಾಯಿಬೇರು ಸೌಂಡ್ ಸಿಸ್ಟಂ, ಅಂದರೆ ಬಯಲಿನಲ್ಲಿ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ನಿಲ್ಲಿಸಿ, ರೆಕಾರ್ಡು ಹಾಕಿ, ಕಾಸು ಕೊಟ್ಟು ಬಂದ ಜನರನ್ನು ರಾತ್ರಿಯಿಡೀ ಕುಣಿಸುವ ಏರ್ಪಾಡು. ಕೈಗೆ ಸಿಕ್ಕ ಹಳೆಯ ಅಥವಾ ಪರದೇಶದ ಸಾಮಗ್ರಿಯನ್ನು ತಿದ್ದಿ ತಮ್ಮದಾಗಿಸಿಕೊಳ್ಳುವುದು, ಅದರ ಮೇಲೆ ಮತ್ತೊಬ್ಬರು ಕಟ್ಟಲು ಎಡೆ ಬಿಡುವುದು ಆ ಅಂಗಳದ ರೂಢಿ. ಹಾಡು, ಬಟ್ಟೆ, ಚಿತ್ರ ಮೂರರಲ್ಲೂ ಕೆಲಸ ಮಾಡಿದ್ದು ಇದೇ ರೂಢಿ.

ನೆಲ ಮತ್ತು ಜನ

ಕೊಲಂಬಸ್ 1494ರಲ್ಲಿ ಜಮೈಕಾ ತಲುಪಿದ. 1655ರಲ್ಲಿ ಇಂಗ್ಲಿಷರು ದ್ವೀಪವನ್ನು ಸ್ಪೇನಿನಿಂದ ಕಸಿದುಕೊಂಡರು. ಕಬ್ಬಿನ ತೋಟಗಳಿಗಾಗಿ ಆಫ್ರಿಕಾದಿಂದ ಲಕ್ಷಾಂತರ ಜನರನ್ನು ಗುಲಾಮರನ್ನಾಗಿ ಹೊತ್ತು ತಂದರು. 1838ರ ಆಗಸ್ಟ್ 1ರಂದು ಗುಲಾಮರಿಗೆ ಪೂರ್ಣ ಬಿಡುಗಡೆ ದೊರೆಯಿತು. ತೋಟದ ದುಡಿಮೆಗೆ ಆಳು ಸಾಲದೆ ಒಡೆಯರು ಭಾರತದ ಕಡೆ ತಿರುಗಿದರು. 1845ರಿಂದ 1917ರವರೆಗೆ ಸುಮಾರು 36,000 ಭಾರತೀಯರು ಕರಾರು ಕೂಲಿಗಳಾಗಿ ಜಮೈಕಾಕ್ಕೆ ಹೋದರು. ಚೀನೀಯರೂ ಬಂದು ಕಿರಾಣಿ ವ್ಯಾಪಾರದಲ್ಲಿ ನೆಲೆಯೂರಿದರು. ಹಳ್ಳಿಗಳಲ್ಲಿ ಬ್ಯಾಂಜೊ, ಗಿಟಾರು, ಮರದ ಪೆಟ್ಟಿಗೆಗೆ ಲೋಹದ ಪಟ್ಟಿಗಳನ್ನು ಜೋಡಿಸಿದ ರುಂಬಾ ಬಾಕ್ಸ್ ನುಡಿಸಿ ಹಾಡುವ ಮೆಂಟೊ ಎಂಬ ಜನಪದ ಸಂಗೀತ ಬಳಕೆಯಲ್ಲಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಹಳ್ಳಿಯ ಜನ ಕೆಲಸ ಹುಡುಕಿಕೊಂಡು ಕಿಂಗ್‌ಸ್ಟನ್ನಿನ ಪಶ್ಚಿಮ ಭಾಗಕ್ಕೆ ಬಂದು ತುಂಬಿಕೊಂಡರು. ಟ್ರೆಂಚ್ ಟೌನ್, ಜೋನ್ಸ್ ಟೌನ್, ಡೆನ್‌ಹಾಂ ಟೌನ್ ಅವರ ಕೇರಿಗಳು. ವಾದ್ಯಮೇಳ ಕರೆಸುವ ಹೋಟೆಲು, ಕ್ಲಬ್ಬುಗಳು ಸಿರಿವಂತರಿಗೂ ಪ್ರವಾಸಿಗರಿಗೂ ಮೀಸಲಾಗಿದ್ದವು. ಕೇರಿಯವರ ಬಳಿ ರೇಡಿಯೊ ಕೂಡ ವಿರಳ. ಈ ಕೊರತೆಯೇ ಸೌಂಡ್ ಸಿಸ್ಟಂ ಹುಟ್ಟಿಗೆ ಕಾರಣವಾಯಿತು: ಮೇಳ ಕರೆಸಲು ಹಣವಿಲ್ಲದ ಕಡೆ ಒಂದು ಆಂಪ್ಲಿಫೈಯರ್, ಒಂದು ಟರ್ನ್‌ಟೇಬಲ್, ಒಂದಿಷ್ಟು ರೆಕಾರ್ಡುಗಳು ಮೇಳದ ಕೆಲಸ ಮಾಡಿದವು.

ಸೌಂಡ್ ಸಿಸ್ಟಂ

1950ರ ಸುಮಾರಿಗೆ ಹೆಸರು ಮಾಡಿದ ಮೊದಲ ದೊಡ್ಡ ಸೌಂಡ್ ಸಿಸ್ಟಂ 'ಟಾಮ್ ದ ಗ್ರೇಟ್ ಸೆಬಾಸ್ಟಿಯನ್'. ಅದರ ಒಡೆಯ ಟಾಮ್ ವಾಂಗ್ ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದ ಚೀನೀ ಮೂಲದ ಜಮೈಕನ್. ಅವನಿಗೆ ಆಂಪ್ಲಿಫೈಯರ್ ಕಟ್ಟಿಕೊಟ್ಟವನು ಹೆಡ್ಲಿ ಜೋನ್ಸ್. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯಲ್ಲಿ ರಾಡಾರ್ ತಂತ್ರಜ್ಞನಾಗಿದ್ದ ಅವನು ಊರಿಗೆ ಮರಳಿ ಆ ವಿದ್ಯೆಯನ್ನು ಸಂಗೀತಕ್ಕೆ ತಿರುಗಿಸಿದ್ದ. ಸ್ಪೀಕರ್ ಪೆಟ್ಟಿಗೆಗಳನ್ನು ಸ್ಥಳೀಯ ಬಡಗಿಗಳೇ ಮಾಡುತ್ತಿದ್ದರು. ಬಟ್ಟೆಯ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯಿಂದ ಹೊಮ್ಮುವ ತಗ್ಗಿನ ಸ್ವರ ಕಿವಿಯಲ್ಲಿ ಕೇಳುವುದಕ್ಕಿಂತ ಎದೆಯಲ್ಲಿ ಅದುರುತ್ತಿತ್ತು. ಜಮೈಕಾದ ಸಂಗೀತದಲ್ಲಿ ಬೇಸ್ ಗಿಟಾರಿಗೆ ಮುಂದೆ ದೊರೆತ ಹಿರಿತನಕ್ಕೆ ಈ ಪೆಟ್ಟಿಗೆಗಳೇ ದಾರಿ ಮಾಡಿಕೊಟ್ಟವು.

ಟಾಮ್ ವಾಂಗ್ ಬಳಿಕ ಇಬ್ಬರು ಎದುರಾಳಿಗಳು ಕಿಂಗ್‌ಸ್ಟನ್ನನ್ನು ಹಂಚಿಕೊಂಡರು. ಡ್ಯೂಕ್ ರೀಡ್ ಪೊಲೀಸ್ ಕೆಲಸ ಬಿಟ್ಟು ಬಾಂಡ್ ಸ್ಟ್ರೀಟಿನಲ್ಲಿ 'ಟ್ರೆಷರ್ ಐಲ್' ಎಂಬ ಮದ್ಯದಂಗಡಿ ತೆರೆದವನು. ತಲೆಗೆ ಕಿರೀಟ, ಸೊಂಟಕ್ಕೆ ಪಿಸ್ತೂಲು ಧರಿಸಿ ತನ್ನ ಕುಣಿತಕ್ಕೆ ಆಗಮಿಸುತ್ತಿದ್ದ. ಕ್ಲೆಮೆಂಟ್ ಡಾಡ್‌ಗೆ ಕ್ರಿಕೆಟ್ ಆಟದ ಕಾರಣ ಯಾರ್ಕ್‌ಷೈರ್ ಆಟಗಾರ ಅಲೆಕ್ ಕಾಕ್ಸನ್ ನೆನಪಿನಲ್ಲಿ 'ಕಾಕ್ಸನ್' ಎಂಬ ಅಡ್ಡಹೆಸರು ಅಂಟಿತ್ತು. ಅಮೆರಿಕದ ಹೊಲಗಳಲ್ಲಿ ದುಡಿಯಲು ಹೋಗಿದ್ದ ಡಾಡ್ ಅಲ್ಲಿಂದ ರಿದಮ್ ಅಂಡ್ ಬ್ಲೂಸ್ ರೆಕಾರ್ಡುಗಳನ್ನು ತಂದ. ಎದುರಾಳಿಗೆ ಹಾಡಿನ ಗುರುತು ಸಿಗದಿರಲೆಂದು ರೆಕಾರ್ಡಿನ ನಡುವಿನ ಲೇಬಲ್ ಕೆರೆದು ತೆಗೆದು, ಹಾಡಿಗೆ ಹೊಸ ಹೆಸರಿಡುತ್ತಿದ್ದರು. ವಿಲಿಸ್ ಜಾಕ್ಸನ್ ನುಡಿಸಿದ 'ಲೇಟರ್ ಫಾರ್ ದ ಗೇಟರ್' ಹೀಗೆ 'ಕಾಕ್ಸನ್ ಹಾಪ್' ಆಗಿ ವರ್ಷಗಟ್ಟಲೆ ಗುಟ್ಟಾಗಿ ಉಳಿಯಿತು. ಎರಡು ಸೌಂಡುಗಳು ಮುಖಾಮುಖಿ ನಿಂತು, ಜನರ ಕೂಗಿನ ಮೇಲೆ ಗೆಲುವು ಸೋಲು ತೀರ್ಮಾನವಾಗುವ 'ಕ್ಲ್ಯಾಷ್' ಪದ್ಧತಿಯೂ ಈ ಪೈಪೋಟಿಯಿಂದಲೇ ಬಂತು.

ಪ್ರತಿಯೊಂದು ಸೌಂಡಿಗೂ ಕೆಲಸದ ಹಂಚಿಕೆ ಇತ್ತು. ರೆಕಾರ್ಡು ಆರಿಸಿ ಹಾಕುವವನು ಸೆಲೆಕ್ಟರ್. ಮೈಕ್ ಹಿಡಿದು ಹಾಡಿನ ನಡುನಡುವೆ ಪ್ರಾಸಬದ್ಧವಾಗಿ ಮಾತು ಸೇರಿಸುವವನು ಡೀಜೇ. ಬೇರೆ ದೇಶಗಳಲ್ಲಿ ರೆಕಾರ್ಡು ಹಾಕುವವನನ್ನು ಡೀಜೇ ಎನ್ನುತ್ತಾರೆ; ಜಮೈಕಾದಲ್ಲಿ ಮಾತಿನ ಮಲ್ಲನೇ ಡೀಜೇ. ಕೌಂಟ್ ಮಚುಕಿ ಈ ಪರಂಪರೆಯ ಆದ್ಯ.

ಸ್ಕಾದಿಂದ ರೆಗೆಗೆ

1950ರ ದಶಕದ ಕೊನೆಯ ವರ್ಷಗಳಲ್ಲಿ ಅಮೆರಿಕದ ರುಚಿ ರಾಕ್ ಅಂಡ್ ರೋಲ್ ಕಡೆ ಹೊರಳಿತು. ಕಿಂಗ್‌ಸ್ಟನ್ ಬಯಸುತ್ತಿದ್ದ ಬಗೆಯ ರೆಕಾರ್ಡುಗಳ ಒರತೆ ಬತ್ತಿತು. ಸೌಂಡ್ ಸಿಸ್ಟಂ ಒಡೆಯರು ಸ್ಥಳೀಯ ವಾದಕರನ್ನು ಕೂರಿಸಿ ತಾವೇ ಧ್ವನಿಮುದ್ರಣ ಮಾಡಿಸತೊಡಗಿದರು. ಹೀಗೆ ಸ್ಕಾ ಹುಟ್ಟಿತು. ಅದರಲ್ಲಿ ತಾಳದ ಮುಖ್ಯ ಪೆಟ್ಟುಗಳ ನಡುವಿನ ಎಡೆಗಳಲ್ಲಿ ಗಿಟಾರು, ಪಿಯಾನೊಗಳ ಕತ್ತರಿಸಿದಂಥ ಮೀಟು ಬೀಳುತ್ತದೆ. ಡಾಡ್ 1963ರಲ್ಲಿ ಬ್ರೆಂಟ್‌ಫರ್ಡ್ ರಸ್ತೆಯಲ್ಲಿ ಸ್ಟುಡಿಯೊ ಒನ್ ತೆರೆದ. 1964ರಲ್ಲಿ ಒಂದಾದ ಸ್ಕೆಟಲೈಟ್ಸ್ ಮೇಳದ ಟ್ರಾಂಬೋನ್ ವಾದಕ ಡಾನ್ ಡ್ರಮಂಡ್, ಸ್ಯಾಕ್ಸಫೋನ್ ವಾದಕ ಟಾಮಿ ಮೆಕುಕ್ ಮೊದಲಾದವರು ಆಲ್ಫಾ ಬಾಯ್ಸ್ ಸ್ಕೂಲಿನಲ್ಲಿ ಕಲಿತವರು. ಬಡ, ಅನಾಥ ಹುಡುಗರಿಗಾಗಿ ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಆ ಶಾಲೆಯ ಬ್ಯಾಂಡ್ ತರಬೇತಿ ಜಮೈಕಾದ ಸಂಗೀತಕ್ಕೆ ಒಂದು ಇಡೀ ತಲೆಮಾರಿನ ವಾದಕರನ್ನು ಕೊಟ್ಟಿತು.

1962ರ ಆಗಸ್ಟ್ 6ರಂದು ದೇಶ ಸ್ವತಂತ್ರವಾದಾಗ ಸ್ಕಾದ ಚುರುಕು ಲಯ ಆ ಹುರುಪಿಗೆ ಒಪ್ಪಿತ್ತು. ಕೇರಿಗಳಲ್ಲಿ ನಿರುದ್ಯೋಗ ಮಾತ್ರ ಇಳಿಯಲಿಲ್ಲ. 1966ರ ಹೊತ್ತಿಗೆ ಲಯ ನಿಧಾನವಾಗಿ ರಾಕ್‌ಸ್ಟೆಡಿ ಬಂತು. ಬೇಸ್ ಗಿಟಾರು ಮುನ್ನೆಲೆಗೆ ಸರಿಯಿತು. 1968ರಲ್ಲಿ ಟೂಟ್ಸ್ ಅಂಡ್ ದ ಮೇಟಲ್ಸ್ ತಂಡದ 'ಡೂ ದ ರೆಗೇ' ಹಾಡು ಹೊಸ ಲಯಕ್ಕೆ ಹೆಸರನ್ನು ನಿಲ್ಲಿಸಿತು. ರೆಗೆಯ ಅತ್ಯಂತ ವಿಶಿಷ್ಟ ತಾಳಕ್ರಮ 'ಒನ್ ಡ್ರಾಪ್'. ನಾಲ್ಕು ಎಣಿಕೆಯ ಆವರ್ತದಲ್ಲಿ ಮೊದಲ ಎಣಿಕೆ ಖಾಲಿ. ಡ್ರಮ್ಮಿನ ಭಾರವಾದ ಪೆಟ್ಟು ಮೂರನೆಯದರ ಮೇಲೆ. ವೇಲರ್ಸ್ ತಂಡದ ಡ್ರಮ್ಮರ್ ಕಾರ್ಲ್‌ಟನ್ ಬ್ಯಾರೆಟ್ ಇದನ್ನು ಪಕ್ವಗೊಳಿಸಿದ. ಅವನ ಅಣ್ಣ ಆಸ್ಟನ್ ಬ್ಯಾರೆಟ್ ಆ ಖಾಲಿ ಜಾಗದ ಸುತ್ತ ಬೇಸ್ ಗಿಟಾರಿನ ರಾಗವನ್ನು ಹೆಣೆದ.

ಮೂರು ಬಣ್ಣ, ಒಂದು ಸಿಂಹ

ರೆಗೆಯ ಹೊರರೂಪವನ್ನು ತಿದ್ದಿದ್ದು ರಾಸ್ತಫಾರಿ ಪಂಥ. 1887ರಲ್ಲಿ ಸೇಂಟ್ ಆನ್ಸ್ ಬೇ ಊರಿನಲ್ಲಿ ಹುಟ್ಟಿದ ಮಾರ್ಕಸ್ ಗಾರ್ವಿ ಜಗತ್ತಿನ ಎಲ್ಲ ಕರಿಯರೂ ಒಂದಾಗಬೇಕೆಂದು ಸಾರಿ ದೊಡ್ಡ ಚಳವಳಿ ಕಟ್ಟಿದ್ದ. 1930ರ ನವೆಂಬರ್ 2ರಂದು ಇಥಿಯೋಪಿಯದಲ್ಲಿ ಹೈಲೆ ಸೆಲಾಸಿಗೆ ಪಟ್ಟಾಭಿಷೇಕವಾದಾಗ ಗಾರ್ವಿಯ ಜಮೈಕನ್ ಅನುಯಾಯಿಗಳಲ್ಲಿ ಕೆಲವರು ಅವನಲ್ಲಿ ದೈವವನ್ನು ಕಂಡರು. ಪಂಥದ ಮೊದಲ ಬೋಧಕರಲ್ಲಿ ಪ್ರಮುಖನಾದ ಲೆನರ್ಡ್ ಹಾವೆಲ್ 1935ರಲ್ಲಿ ತನ್ನ ಪುಸ್ತಕವನ್ನು ಜಿ. ಜಿ. ಮಾರಘ್ ಎಂಬ ಭಾರತೀಯ ಧಾಟಿಯ ಹೆಸರಿನಲ್ಲಿ ಪ್ರಕಟಿಸಿದ. ಕರಾರು ಕೂಲಿಗಳೊಡನೆ ಒಂದೇ ತೋಟದಲ್ಲಿ ದುಡಿದವರ ನಡುವೆ ಇಂಥ ಕೊಡುಕೊಳೆ ಸಹಜವಾಗಿತ್ತು. ರಾಸ್ತಾಗಳು ಪವಿತ್ರವೆಂದು ಸೇದುವ ಗಾಂಜಾ ಕೂಡ ಹೆಸರಿನ ಸಮೇತ ಭಾರತೀಯರಿಂದ ಬಂದದ್ದು.

ಹಾವೆಲ್ 1940ರಲ್ಲಿ ಗುಡ್ಡದ ಮೇಲೆ ಕಟ್ಟಿದ 'ಪಿನಾಕಲ್' ನೆಲೆಯನ್ನು ಪೊಲೀಸರು 1954ರಲ್ಲಿ ಹಾಳುಗೆಡವಿದರು. ಅಲ್ಲಿಂದ ಚದುರಿದ ರಾಸ್ತಾಗಳು ಕಿಂಗ್‌ಸ್ಟನ್ನಿನ ಕೇರಿಗಳನ್ನು ಸೇರಿಕೊಂಡರು. ಬಾಚದೆ ಕತ್ತರಿಸದೆ ಜಡೆಗಟ್ಟಲು ಬಿಟ್ಟ ಕೂದಲು ಅವರ ಗುರುತು. ಸೆರೆ ಸಿಕ್ಕರೆ ಪೊಲೀಸರು ಮೊದಲು ಕತ್ತರಿಸುತ್ತಿದ್ದದ್ದು ಅದನ್ನೇ. 1966ರ ಏಪ್ರಿಲ್ 21ರಂದು ಸೆಲಾಸಿ ಜಮೈಕಾಕ್ಕೆ ಭೇಟಿ ಕೊಟ್ಟಾಗ ವಿಮಾನ ನಿಲ್ದಾಣದಲ್ಲಿ ನೆರೆದ ಜನಸಾಗರ ಪಂಥಕ್ಕೆ ಹೊಸ ಮರ್ಯಾದೆ ತಂದಿತು. ಮುಂದಿನ ಕೆಲವು ವರ್ಷಗಳಲ್ಲಿ ರೆಗೆ ಗಾಯಕರಲ್ಲಿ ಹಲವರು ರಾಸ್ತಾಗಳಾದರು. ಇಥಿಯೋಪಿಯದ ಬಾವುಟದ ಹಸಿರು, ಹಳದಿ, ಕೆಂಪು, ಗಾರ್ವಿ ಚಳವಳಿಯ ಕಪ್ಪು, ಸೆಲಾಸಿಯ ರಾಜಲಾಂಛನವಾದ ಕಿರೀಟಧಾರಿ ಸಿಂಹ ಇವು ಹೆಣೆದ ಟೊಪ್ಪಿಗೆ, ಕೈಪಟ್ಟಿ, ಬ್ಯಾಡ್ಜು, ಸ್ಪೀಕರ್ ಪೆಟ್ಟಿಗೆ, ರೆಕಾರ್ಡಿನ ಲೇಬಲ್ಲುಗಳ ಮೇಲೆ ಬಂದು ಕೂತವು. ಜಡೆಯನ್ನು ಒಳಗಿಡಲು ಹೆಣೆದ ಅಗಲವಾದ 'ಟ್ಯಾಮ್' ಟೊಪ್ಪಿಗೆ, ಖಾಕಿ ಅಂಗಿ, ಸೇನೆಯ ಹಳೆಯ ಜಾಕೆಟ್ಟು, ಬರಿಗಾಲು ಅಥವಾ ಚಪ್ಪಲಿ ಆ ಕಾಲದ ರಾಸ್ತಾ ಗಾಯಕನ ವೇಷ. ಪಂಥದ ಕಣ್ಣಿಗೆ ಸೂಟು, ಟೈ ಹಳೆಯ ಒಡೆಯರ ದಿರಿಸು.

ರೆಕಾರ್ಡಿನ ಕವರುಗಳು

ಜಮೈಕಾದ ಮಾರುಕಟ್ಟೆ ನಡೆಯುತ್ತಿದ್ದದ್ದು ಒಂದೊಂದೇ ಹಾಡಿನ ಏಳು ಅಂಗುಲದ ರೆಕಾರ್ಡುಗಳ ಮೇಲೆ. ಅವಕ್ಕೆ ಕವರಿನ ಗೊಡವೆ ಇರಲಿಲ್ಲ. ವಿದೇಶಕ್ಕಾಗಿ ದೀರ್ಘ ರೆಕಾರ್ಡು ತಯಾರಾಗತೊಡಗಿದಾಗ ಚಿತ್ರಕಾರರ ಕೆಲಸ ಶುರುವಾಯಿತು. ಐಲೆಂಡ್ ರೆಕಾರ್ಡ್ಸ್‌ನ ಕ್ರಿಸ್ ಬ್ಲ್ಯಾಕ್‌ವೆಲ್ ವೇಲರ್ಸ್ ತಂಡವನ್ನು ರಾಕ್ ಕೇಳುಗರ ಮುಂದೆ ನಿಲ್ಲಿಸಲು ಹೊರಟ. 1973ರ 'ಕ್ಯಾಚ್ ಎ ಫೈರ್' ರೆಕಾರ್ಡಿಗೆ ರಾಡ್ ಡೈಯರ್ ಮತ್ತು ಬಾಬ್ ವೀನರ್ ರೂಪಿಸಿದ ಕವರು ಜಿಪ್ಪೊ ಲೈಟರಿನ ಆಕಾರದಲ್ಲಿತ್ತು. ಮೇಲಿನ ಮುಚ್ಚಳ ಕೀಲಿನ ಮೇಲೆ ತೆರೆದುಕೊಳ್ಳುತ್ತಿತ್ತು. ಖರ್ಚು ಹೆಚ್ಚಾದ್ದರಿಂದ ಮೊದಲ 20,000 ಪ್ರತಿಗಳಿಗೆ ಅದು ನಿಂತಿತು.

ಆಮೇಲಿನ ವರ್ಷಗಳಲ್ಲಿ ವೇಲರ್ಸ್ ತಂಡದ ಗಾಯಕ ಬಾಬ್ ಮಾರ್ಲಿಯ ದೃಶ್ಯಲೋಕವನ್ನು ಕಟ್ಟಿದವನು ಜಮೈಕಾದವನೇ ಆದ ನೆವಿಲ್ ಗ್ಯಾರಿಕ್. ಕ್ಯಾಲಿಫೋರ್ನಿಯಾದಲ್ಲಿ ಕಲೆ ಕಲಿತು ಬಂದು, ಕಿಂಗ್‌ಸ್ಟನ್ನಿನ ಪತ್ರಿಕೆಯೊಂದರಲ್ಲಿ ಕಲಾ ನಿರ್ದೇಶಕನಾಗಿದ್ದವನು. 1976ರ 'ರಾಸ್ತಮ್ಯಾನ್ ವೈಬ್ರೇಷನ್' ಕವರಿಗೆ ಗೋಣಿತಟ್ಟಿನ ಮೇಲ್ಮೈ ಕೊಟ್ಟ. 1977ರ 'ಎಕ್ಸೋಡಸ್' ಕವರಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಇಥಿಯೋಪಿಯದ ಅಮ್ಹಾರಿಕ್ ಲಿಪಿಯ ತಿರುವಿನಲ್ಲಿ ಬರೆದ. 1979ರ 'ಸರ್ವೈವಲ್' ಕವರಿನ ತುಂಬ ಆಫ್ರಿಕಾದ ದೇಶಗಳ ಬಾವುಟಗಳನ್ನು ಜೋಡಿಸಿ, ಶೀರ್ಷಿಕೆಯ ಪಟ್ಟಿಯಲ್ಲಿ ಹದಿನೆಂಟನೆಯ ಶತಮಾನದ ಬ್ರೂಕ್ಸ್ ಎಂಬ ಗುಲಾಮರ ಹಡಗಿನ ನಕ್ಷೆಯನ್ನು ಇಟ್ಟ. ಹಡಗಿನ ತಳದಲ್ಲಿ ಸಾಲುಸಾಲಾಗಿ ಮಲಗಿಸಿದ ಮನುಷ್ಯರ ಆ ಚಿತ್ರವನ್ನು ಮೊದಲು ಹಂಚಿದವರು ಗುಲಾಮಗಿರಿಯನ್ನು ವಿರೋಧಿಸಿದ ಬ್ರಿಟಿಷರು. ಗ್ಯಾರಿಕ್ ಅದರ ಸುತ್ತ ಸ್ವತಂತ್ರ ದೇಶಗಳ ಬಾವುಟಗಳನ್ನು ನಿಲ್ಲಿಸಿದ್ದರಿಂದ ಚಿತ್ರದ ಅರ್ಥವೇ ಬದಲಾಯಿತು.

ಡಬ್: ಹಾಡನ್ನು ಬಿಚ್ಚಿ ಕಟ್ಟುವುದು

1960ರ ದಶಕದ ಕೊನೆಯಲ್ಲಿ ರಡಿ ರೆಡ್‌ವುಡ್ ಎಂಬ ಸೌಂಡ್ ಸಿಸ್ಟಂ ಒಡೆಯನಿಗೆ ಡ್ಯೂಕ್ ರೀಡ್‌ನ ಟ್ರೆಷರ್ ಐಲ್ ಸ್ಟುಡಿಯೊದಲ್ಲಿ ಕೊರೆದುಕೊಟ್ಟ ರೆಕಾರ್ಡಿನಲ್ಲಿ ಗಾಯಕರ ದನಿಯೇ ಬಿಟ್ಟುಹೋಗಿತ್ತು. ಅವನು ಅದನ್ನೇ ಕುಣಿತದಲ್ಲಿ ಹಾಕಿದಾಗ ಜನ ಖಾಲಿ ಜಾಗದಲ್ಲಿ ತಾವೇ ಹಾಡಿ ತುಂಬಿದರು. ಅಂದಿನಿಂದ ರೆಕಾರ್ಡಿನ ಹಿಂಬದಿಗೆ ದನಿಯಿಲ್ಲದ ಪಾಠವನ್ನು ಮುದ್ರಿಸುವುದು ಪದ್ಧತಿಯಾಯಿತು. ಅದಕ್ಕೆ 'ವರ್ಷನ್' ಎಂದು ಹೆಸರಾಯಿತು. ಈ ವರ್ಷನ್‌ಗಳ ಮೇಲೆ ಮಾತು ಹೆಣೆದ ಯೂ-ರಾಯ್ 1970ರಲ್ಲಿ ಜಮೈಕಾದ ಜನಪ್ರಿಯತೆಯ ಪಟ್ಟಿಯ ತುದಿಗೇರಿ, ಡೀಜೇಗಳಿಗೆ ಗಾಯಕರ ಸಮನಾದ ಸ್ಥಾನ ದೊರಕಿಸಿದ. ಅಮೆರಿಕದಲ್ಲಿ ರ‍್ಯಾಪ್ ರೆಕಾರ್ಡುಗಳು ಬಂದದ್ದು ಇದಾದ ಎಷ್ಟೋ ವರ್ಷಗಳ ಬಳಿಕ.

ವಾಟರ್‌ಹೌಸ್ ಕೇರಿಯ ಆಸ್ಬರ್ನ್ ರಡಕ್ ರೇಡಿಯೊ, ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡಿ ಬದುಕುತ್ತಿದ್ದ ಕುಶಲಿ. ಕಿಂಗ್ ಟಬ್ಬಿ ಎಂಬುದು ಅವನ ಪ್ರಸಿದ್ಧ ಹೆಸರು. ಮನೆಯಲ್ಲೇ ಇದ್ದ ಪುಟ್ಟ ಸ್ಟುಡಿಯೊದಲ್ಲಿ, ಬೇರೊಂದು ಸ್ಟುಡಿಯೊದಿಂದ ಕೊಂಡ ಹಳೆಯ ಮಿಕ್ಸಿಂಗ್ ಮೇಜಿನ ಮುಂದೆ ಕೂತು, ಮುದ್ರಣಗೊಂಡ ಹಾಡಿನಿಂದ ದನಿಯನ್ನು ಕಿತ್ತು, ಒಂದೆರಡು ನುಡಿಗಳನ್ನು ಮಾತ್ರ ಪ್ರತಿಧ್ವನಿಯಲ್ಲಿ ತೇಲಿಬಿಟ್ಟು, ಡ್ರಮ್ಮು ಮತ್ತು ಬೇಸನ್ನು ಬೆತ್ತಲೆ ನಿಲ್ಲಿಸಿದ. ಇದೇ ಡಬ್. ಧ್ವನಿ ತಂತ್ರಜ್ಞನೂ ರಚನಕಾರನೇ ಎಂಬ ನಿಲುವು ಇಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ನೆಲೆಗೊಂಡಿತು. ಲೀ 'ಸ್ಕ್ರ್ಯಾಚ್' ಪೆರಿ 1973ರಲ್ಲಿ ತನ್ನ ಹಿತ್ತಲಲ್ಲಿ ಕಟ್ಟಿದ ಬ್ಲ್ಯಾಕ್ ಆರ್ಕ್ ಸ್ಟುಡಿಯೊ ಇದೇ ಕಲೆಯನ್ನು ಇನ್ನೊಂದು ದಿಕ್ಕಿಗೆ ಒಯ್ದಿತು.

ಡಾನ್ಸ್‌ಹಾಲ್ ಕಾಲ

1970ರ ದಶಕದ ಉದ್ದಕ್ಕೂ ಎರಡು ರಾಜಕೀಯ ಪಕ್ಷಗಳ ಬೆಂಬಲಿಗ ಗುಂಪುಗಳು ಕಿಂಗ್‌ಸ್ಟನ್ನಿನ ಕೇರಿಗಳನ್ನು ಹೋಳು ಮಾಡಿಕೊಂಡಿದ್ದವು. 1978ರ ಏಪ್ರಿಲ್ 22ರ 'ಒನ್ ಲವ್' ಶಾಂತಿ ಕಛೇರಿಯಲ್ಲಿ ಮಾರ್ಲಿ ಪ್ರಧಾನಿ ಮೈಕೆಲ್ ಮ್ಯಾನ್ಲಿ ಮತ್ತು ವಿರೋಧ ಪಕ್ಷದ ನಾಯಕ ಎಡ್ವರ್ಡ್ ಸಿಯಾಗಾ ಇಬ್ಬರ ಕೈಗಳನ್ನು ವೇದಿಕೆಯ ಮೇಲೆ ಒಂದುಗೂಡಿಸಿದ. ಹಿಂಸೆ ನಿಲ್ಲಲಿಲ್ಲ, 1980ರ ಚುನಾವಣಾ ವರ್ಷದಲ್ಲಿ 800ಕ್ಕೂ ಹೆಚ್ಚು ಜನ ಸತ್ತರು. 1981ರ ಮೇ 11ರಂದು ಮಾರ್ಲಿ ತೀರಿಕೊಂಡ. ಆಫ್ರಿಕಾಕ್ಕೆ ಮರಳುವ ಕನಸು, ವಿಮೋಚನೆಯ ಭರವಸೆ ಹಿಂದೆ ಸರಿದವು. ವಿದೇಶಿ ಕಂಪನಿಗಳ ಕೇಳುಗರನ್ನು ಬಿಟ್ಟು ಕೇರಿಯ ಕುಣಿತಕ್ಕೆ ಬಂದವರಿಗಾಗಿಯೇ ಹಾಡುವ ಡೀಜೇಗಳು ಮುಂದೆ ಬಂದರು. ಬಟ್ಟೆ, ಹೆಣ್ಣು, ಹಾಸ್ಯ, ಬಂದೂಕು, ದಿನದ ಸುದ್ದಿ ಅವರ ವಸ್ತು. ಕೇರಿಯ ಆಡುನುಡಿಯಾದ ಪಟ್ವಾ ಅವರ ಭಾಷೆ.

ಹೊಸ ಕಾಲದ ಮೊದಲ ಪ್ರಚಂಡ ತಾರೆ ಯೆಲ್ಲೋಮ್ಯಾನ್. ಹುಟ್ಟಿನಿಂದಲೇ ಚರ್ಮಕ್ಕೆ ಬಣ್ಣವಿಲ್ಲದ, ಆ ಕಾರಣಕ್ಕೆ ಸಮಾಜದ ತಿರಸ್ಕಾರ ಉಂಡು ಅನಾಥಾಲಯದಲ್ಲಿ ಬೆಳೆದ ವಿನ್‌ಸ್ಟನ್ ಫಾಸ್ಟರ್, ಅದೇ ಬಣ್ಣವನ್ನು ಹೆಸರಾಗಿಸಿಕೊಂಡು ತಾನೇ ಎಲ್ಲರಿಗಿಂತ ಚೆಲುವನೆಂದು ಬೀಗಿ ಹಾಡಿ ಜನರನ್ನು ಗೆದ್ದ. 1982ರ ಹೊತ್ತಿಗೆ ಅವನ ಸಮಕ್ಕೆ ಜನಪ್ರಿಯರು ದ್ವೀಪದಲ್ಲಿ ಇರಲಿಲ್ಲ.

1985ರಲ್ಲಿ ತಂತ್ರಜ್ಞಾನ ದಿಕ್ಕು ಬದಲಿಸಿತು. ಜಪಾನಿನ ಕ್ಯಾಸಿಯೊ ಕಂಪನಿಯ ಎಂಟಿ-40 ಎಂಬ ಮನೆಬಳಕೆಯ ಪುಟ್ಟ ಕೀಬೋರ್ಡಿನಲ್ಲಿ 'ರಾಕ್' ಎಂಬ ಸಿದ್ಧ ಲಯವೊಂದು ಅಡಕವಾಗಿತ್ತು. ಅದನ್ನು ರೂಪಿಸಿದವಳು ಕಂಪನಿಯ ಉದ್ಯೋಗಿ ಹಿರೋಕೊ ಒಕುಡಾ. ಆ ಲಯವನ್ನು ನಿಧಾನಗೊಳಿಸಿ, ಗಾಯಕ ವೇಯ್ನ್ ಸ್ಮಿತ್ ಮತ್ತು ನೊಯೆಲ್ ಡೇವಿ ನಿರ್ಮಾಪಕ ಕಿಂಗ್ ಜ್ಯಾಮಿಯ ಬಳಿ 'ಅಂಡರ್ ಮಿ ಸ್ಲೆಂಗ್ ಟೆಂಗ್' ಮುದ್ರಿಸಿದರು. 1985ರ ಫೆಬ್ರವರಿ 23ರಂದು ಬ್ಲ್ಯಾಕ್ ಸ್ಕಾರ್ಪಿಯೊ ಸೌಂಡಿನ ಎದುರು ನಡೆದ ಕ್ಲ್ಯಾಷ್‌ನಲ್ಲಿ ಜ್ಯಾಮಿ ಅದನ್ನು ಹಾಕಿದಾಗ ಎದುರಾಳಿಯ ಬಳಿ ಉತ್ತರವಿರಲಿಲ್ಲ. ವಾದ್ಯಮೇಳವಿಲ್ಲದೆ ಯಂತ್ರದಿಂದಲೇ ಸಂಗೀತ ಕಟ್ಟುವ ಕಾಲ ಅಲ್ಲಿಂದ ಆರಂಭ. ಅದೇ ಲಯದ ಮೇಲೆ ನೂರಾರು ಹಾಡುಗಳು ಬಂದವು.

ಹೀಗೆ ಹಲವರು ಹಂಚಿಕೊಳ್ಳುವ ಹಿನ್ನೆಲೆ ಲಯಕ್ಕೆ ಜಮೈಕಾದಲ್ಲಿ 'ರಿಡಿಂ' ಎನ್ನುತ್ತಾರೆ. ಪ್ರತಿ ರಿಡಿಂಗೂ ಹೆಸರಿದೆ. ಕನ್ನಡದಲ್ಲಿ ಒಂದು ಹಾಡಿನ ಮಟ್ಟಿಗೆ ಹತ್ತಾರು ಪದಗಳನ್ನು ಕಟ್ಟುವಂತೆ, ಅಲ್ಲಿ ಒಂದೇ ರಿಡಿಂ ಮೇಲೆ ಒಂದೇ ತಿಂಗಳಲ್ಲಿ ಹತ್ತಾರು ಗಾಯಕರು ತಮ್ಮ ತಮ್ಮ ಹಾಡು ಕಟ್ಟುತ್ತಾರೆ. ಕೇಳುಗರು ಗಮನಿಸುವುದು ಹಳೆಯದರ ಮೇಲೆ ಯಾರು ಏನನ್ನು ಹೊಸದಾಗಿ ಸೇರಿಸಿದರು ಎಂಬುದನ್ನು.

ವ್ಯಂಗ್ಯಚಿತ್ರ ಮತ್ತು ಬೀದಿಯ ಫಲಕ

ಡಾನ್ಸ್‌ಹಾಲ್ ಕವರುಗಳಲ್ಲಿ ಸಿಂಹ, ಬಾವುಟಗಳ ಜಾಗಕ್ಕೆ ಕೇರಿಯ ಮನುಷ್ಯರು ಬಂದರು. ಇದರ ಹಿರಿಯ ಕಲಾವಿದ ವಿಲ್‌ಫ್ರೆಡ್ ಲಿಮೋನಿಯಸ್. 1949ರಲ್ಲಿ ಹುಟ್ಟಿ 1999ರಲ್ಲಿ ತೀರಿಕೊಂಡ ಅವನು ಮೊದಲು ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಮಾಲೆ ಬರೆದ. ಸರ್ಕಾರದ ವಯಸ್ಕರ ಸಾಕ್ಷರತಾ ಸಂಸ್ಥೆಯ ಪುಸ್ತಕಗಳಿಗೂ ಚಿತ್ರ ಹಾಕಿಕೊಟ್ಟ. ಅಕ್ಷರ ಬಾರದವರಿಗೂ ಕಥೆ ದಾಟಿಸುವ ಕೈಚಳಕ ಅಲ್ಲಿ ಪಳಗಿತು. ಅವನ ಕವರುಗಳಲ್ಲಿ ಉದ್ದ ಕೈಕಾಲಿನ ಕುಣಿಯುವವರು, ದೊಡ್ಡ ಪೃಷ್ಠದ ಹೆಂಗಸರು, ಬಾಯಿಬಿಟ್ಟು ನೋಡುವ ಮುದುಕರು, ನಾಯಿ ಕೋಳಿಗಳು ಒಂದೇ ಚೌಕಟ್ಟಿನಲ್ಲಿ ತುಳುಕುತ್ತವೆ. ಮೂಲೆಮೂಲೆಯಲ್ಲಿ ಪಟ್ವಾದ ಚುಟುಕು ಮಾತುಗಳು. ರೆಕಾರ್ಡ್ ಕಂಪನಿಗಳಿಗೆ ಅವನು ಬರೆದ ಲಾಂಛನಗಳು ಲೇಬಲ್ಲಿನ ಪುಟ್ಟ ವೃತ್ತದಲ್ಲೂ ಇದೇ ಗದ್ದಲವನ್ನು ಹಿಡಿದಿಟ್ಟವು. ಲಂಡನ್ನಿನ ಗ್ರೀನ್‌ಸ್ಲೀವ್ಸ್ ಕಂಪನಿಗಾಗಿ ಟೋನಿ ಮೆಕ್‌ಡರ್ಮಟ್ 1980ರ ದಶಕದ ಆರಂಭದಲ್ಲಿ ಬರೆದ ಕವರುಗಳು ಇನ್ನೊಂದು ಬಗೆಯವು: ಡಬ್ ತಂತ್ರಜ್ಞ ಸೈಂಟಿಸ್ಟ್ ಅಲ್ಲಿ ರಕ್ತಪಿಶಾಚಿಗಳನ್ನೂ ಅನ್ಯಗ್ರಹದವರನ್ನೂ ಸೋಲಿಸುವ ಕಾಮಿಕ್ಸ್ ನಾಯಕ.

ಕುಣಿತದ ಸುದ್ದಿ ಊರಿಗೆ ತಲುಪುತ್ತಿದ್ದದ್ದು ವಿದ್ಯುತ್ ಕಂಬಗಳಿಗೆ ಮೊಳೆ ಹೊಡೆದ ಫಲಕಗಳಿಂದ. ಪ್ಲೈವುಡ್ ಅಥವಾ ರಟ್ಟಿನ ಹಲಗೆಗೆ ಬಣ್ಣ ಬಳಿದು, ಸೌಂಡಿನ ಹೆಸರು, ದಿನ, ಜಾಗಗಳನ್ನು ಕುಂಚದಿಂದಲೇ ಬರೆಯುತ್ತಿದ್ದರು. ಓಡುವ ಬಸ್ಸಿನಿಂದಲೂ ಓದಲು ಬರುವಂತೆ ಅಕ್ಷರಗಳಿಗೆ ದಪ್ಪ ನೆರಳು, ಒಂದಕ್ಕೊಂದು ಹೊಡೆದು ಕಾಣುವ ಬಣ್ಣಗಳು. ಕಾರ್ಯಕ್ರಮ ಮುಗಿದ ಮೇಲೆ ಮಳೆ ಬಿಸಿಲಿಗೆ ಹಾಳಾಗುತ್ತಿದ್ದ ಈ ಫಲಕಗಳನ್ನು ಚಿತ್ರ ನಿರ್ಮಾಪಕಿ ಮ್ಯಾಕ್ಸಿನ್ ವಾಲ್ಟರ್ಸ್ ಸಾವಿರಗಟ್ಟಲೆ ಸಂಗ್ರಹಿಸಿದಳು. 2016ರಲ್ಲಿ ಅವುಗಳ ಪುಸ್ತಕ ಬಂತು. ಮೈಕೆಲ್ ಥಾಂಪ್ಸನ್ ಮತ್ತು ಮರಿಯಾ ಪಾಪಾಎಫ್‌ಸ್ಟಾಥಿಯೂ 2011ರ ಕೊನೆಯಲ್ಲಿ ಆರಂಭಿಸಿದ ಅಂತರರಾಷ್ಟ್ರೀಯ ರೆಗೆ ಭಿತ್ತಿಪತ್ರ ಸ್ಪರ್ಧೆ ಈ ದೃಶ್ಯಪರಂಪರೆಯನ್ನು ಜಗತ್ತಿನ ವಿನ್ಯಾಸಕಾರರ ಮುಂದಿಟ್ಟಿತು.

ಬೂಟು, ಬನಿಯನ್ನು, ಬಣ್ಣದ ವಿಗ್ಗು

ಉಡುಗೆಯ ಚರಿತ್ರೆ 1960ರ ದಶಕದ 'ರೂಡ್ ಬಾಯ್'ಗಳಿಂದ ಶುರುವಾಗುತ್ತದೆ. ಕೆಲಸವಿಲ್ಲದ ಆ ಹುಡುಗರು ಹಾಲಿವುಡ್ ಚಿತ್ರಗಳ ಪ್ರಭಾವದಲ್ಲಿ ಇಕ್ಕಟ್ಟಾದ ಪ್ಯಾಂಟು, ಸಪೂರ ಟೈ, ಗಿಡ್ಡ ಅಂಚಿನ ಹ್ಯಾಟು, ರಾತ್ರಿಯಲ್ಲೂ ಕಪ್ಪು ಕನ್ನಡಕ ತೊಟ್ಟು ತಿರುಗುತ್ತಿದ್ದರು. ವಲಸೆಗಾರರೊಡನೆ ಬ್ರಿಟನ್ನಿಗೆ ಹೋದ ಈ ವೇಷ 1979ರಲ್ಲಿ ಕವೆಂಟ್ರಿಯ ಟೂ-ಟೋನ್ ರೆಕಾರ್ಡ್ ಕಂಪನಿಯ ಮೂಲಕ ಮರುಹುಟ್ಟು ಪಡೆಯಿತು. ಕಪ್ಪು ಬಿಳುಪು ಚೌಕುಳಿಯ ಜೊತೆಗಿದ್ದ ಆ ಕಂಪನಿಯ ಲಾಂಛನದ ಮನುಷ್ಯನಿಗೆ ಮಾದರಿ ವೇಲರ್ಸ್ ತಂಡದ ಪೀಟರ್ ಟಾಷ್‌ನ ಒಂದು ಹಳೆಯ ಫೋಟೊ.

ಜಮೈಕಾದವರು ತಮ್ಮದಾಗಿಸಿಕೊಂಡ ಪರದೇಶಿ ವಸ್ತುಗಳಲ್ಲಿ ಮೊದಲ ಹೆಸರು ಕ್ಲಾರ್ಕ್ಸ್ ಬೂಟಿನದು. ಇಂಗ್ಲೆಂಡಿನ ಸಾಮರ್ಸೆಟ್ ಜಿಲ್ಲೆಯ ಸ್ಟ್ರೀಟ್ ಎಂಬ ಊರಿನಲ್ಲಿ 1825ರಲ್ಲಿ ಆರಂಭವಾದ ಕಂಪನಿ ಅದು. ಅದರ ನೇಥನ್ ಕ್ಲಾರ್ಕ್, ಯುದ್ಧಕಾಲದಲ್ಲಿ ಅಧಿಕಾರಿಗಳು ಕೈರೊ ಬಜಾರಿನಲ್ಲಿ ಮಾಡಿಸಿಕೊಳ್ಳುತ್ತಿದ್ದ ಸ್ವೇಡ್ ಚರ್ಮದ ಬೂಟನ್ನು ನೋಡಿ 'ಡೆಸರ್ಟ್ ಬೂಟ್' ರೂಪಿಸಿದ. 1950ರಲ್ಲಿ ಅದು ಮಾರುಕಟ್ಟೆಗೆ ಬಂತು. ಸದ್ದಿಲ್ಲದ ಕ್ರೇಪ್ ರಬ್ಬರಿನ ಅಟ್ಟೆ, ಹಗುರ, ಬಾಳಿಕೆ ಕಿಂಗ್‌ಸ್ಟನ್ನಿನವರಿಗೆ ಹಿಡಿಸಿದವು. ರೂಡ್ ಬಾಯ್, ರಾಸ್ತಾ, ಡೀಜೇ ಎಲ್ಲರ ಕಾಲಿಗೂ ಅದು ಏರಿತು. ಹಲ್ಲುಜ್ಜುವ ಬ್ರಶ್ಶಿನಿಂದ ಅದರ ಧೂಳು ಕೊಡವಿಕೊಳ್ಳುವುದು ಒಂದು ಶೋಕಿ. 2010ರಲ್ಲಿ ಡೀಜೇ ವೈಬ್ಸ್ ಕಾರ್ಟೆಲ್ ಆ ಬೂಟಿನ ಹೆಸರಿನಲ್ಲೇ ಹಾಡಿದ ಮೇಲೆ ಜಮೈಕಾದಲ್ಲಿ ಅದಕ್ಕೆ ಬೇಡಿಕೆ ಏರಿತು. ಜಾಲರಿ ಬನಿಯನ್ನಿನ ಕಥೆಯೂ ಇಂಥದ್ದೇ. 1933ರಲ್ಲಿ ನಾರ್ವೆಯ ಸೇನಾಧಿಕಾರಿ ಹೆನ್ರಿಕ್ ಬ್ರುನ್ ಚಳಿಯಲ್ಲಿ ಬೆಚ್ಚಗಿರಲೆಂದು ಮೀನುಬಲೆಯಿಂದ ಮಾಡಿದ ಒಳಉಡುಪು ಅದು. ಜಮೈಕಾದ ಸೆಕೆಯಲ್ಲಿ ಅದೇ ಮೇಲಂಗಿಯಾಯಿತು, ರಾಸ್ತಾ ಬಣ್ಣಗಳನ್ನೂ ತೊಟ್ಟಿತು.

1990ರ ದಶಕದಲ್ಲಿ ಅಂಗಳದ ನಡುವಿಗೆ ಹೆಂಗಸರು ಬಂದರು. 1992ರಲ್ಲಿ 'ಡಾನ್ಸ್‌ಹಾಲ್ ಕ್ವೀನ್' ಪಟ್ಟ ಗೆದ್ದ ಕಾರ್ಲೀನ್ ಸ್ಮಿತ್ ಆ ಹೆಂಗಸರಿಗೆ ಮಾದರಿ. ಗುಲಾಬಿ, ನೀಲಿ, ಹಸಿರು ವಿಗ್ಗು, ಬಲೆಯಂಥ ಮೇಲುಡುಗೆ, 'ಬ್ಯಾಟಿ ರೈಡರ್' ಎಂಬ ತೀರ ಗಿಡ್ಡ ಚಡ್ಡಿ, ಮೈಗಂಟಿದ ಮಿರುಗು ಬಟ್ಟೆ, ಕೈತುಂಬ ಬಂಗಾರ. ಇವನ್ನು ಹೊಲಿದುಕೊಟ್ಟವರು ಕಿಂಗ್‌ಸ್ಟನ್ನಿನ ದರ್ಜಿಗಳು. ಮುಂದಿನ ವಾರದ ಕುಣಿತಕ್ಕೆ ಅದೇ ಉಡುಪು ಮತ್ತೆ ನಡೆಯುತ್ತಿರಲಿಲ್ಲ. ಕುಣಿತವನ್ನು ಚಿತ್ರೀಕರಿಸಿ ನ್ಯೂಯಾರ್ಕ್, ಲಂಡನ್ನಿನ ಜಮೈಕನ್ನರಿಗೆ ಕ್ಯಾಸೆಟ್ ಮಾರುವ ವಿಡಿಯೊಗಾರರು ಬಂದ ಮೇಲೆ, ಕ್ಯಾಮೆರಾ ದೀಪ ತಮ್ಮ ಮೇಲೆ ಬೀಳಲೆಂದು ಉಡುಪು ಇನ್ನಷ್ಟು ಹೊಳೆಯಿತು. ಗಂಡಸರಲ್ಲಿ ಬೋಗಲ್ ಎಂದೇ ಖ್ಯಾತನಾದ ಜೆರಾಲ್ಡ್ ಲೆವಿ ಹೊಸ ಹೊಸ ಹೆಜ್ಜೆಗಳನ್ನು ಕಟ್ಟಿ ಹಾಡುಗಳಿಗೇ ವಸ್ತು ಒದಗಿಸಿದ. 2005ರಲ್ಲಿ ಅವನ ಕೊಲೆಯಾಯಿತು.

ಮೇಲ್ವರ್ಗ ಮತ್ತು ಚರ್ಚು ಈ ಉಡುಗೆಯನ್ನು ಅಶ್ಲೀಲವೆಂದು ಹಳಿದವು. ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯಾಗಿದ್ದ ಕ್ಯಾರೊಲಿನ್ ಕೂಪರ್ ಇದನ್ನು ಒಪ್ಪಲಿಲ್ಲ: ದಿನವಿಡೀ ಪರರ ಮನೆಯಲ್ಲಿ, ಸಂತೆಯಲ್ಲಿ ದುಡಿಯುವ ಕರಿಯ ಹೆಣ್ಣು ತನ್ನ ಮೈಯನ್ನು ತಾನೇ ಮೆಚ್ಚಿಕೊಳ್ಳುವ ಜಾಗ ಇದೆಂಬುದು ಅವಳ ವಾದ. ಮೈಬಣ್ಣ ತಿಳಿಯಾಗಿಸುವ ಕ್ರೀಮುಗಳ ಚಟ ಮಾತ್ರ ಈ ವಾದವನ್ನು ತೊಡಕಾಗಿಸುತ್ತದೆ. ಕರಿಯ ಬಣ್ಣದ ಹೆಮ್ಮೆಯನ್ನು ಸಾರಿದ ಸಂಗೀತದ ಮಡಿಲಲ್ಲೇ ಅದೂ ಬೆಳೆಯಿತು.

ದ್ವೀಪದಾಚೆ

ಈ ಸಂಸ್ಕೃತಿ ಹರಡಿದ್ದು ವಲಸೆಯ ಜಾಡಿನಲ್ಲಿ. 1948ರ ಜೂನ್ 22ರಂದು ವಿಂಡ್‌ರಷ್ ಹಡಗಿನಿಂದ ಕೆರಿಬಿಯನ್ ವಲಸೆಗಾರರು ಲಂಡನ್ ಬಳಿ ಇಳಿದ ಮೇಲೆ ಬ್ರಿಟನ್ನಿನ ನಗರಗಳಲ್ಲೂ ಸೌಂಡ್ ಸಿಸ್ಟಂಗಳು ಎದ್ದವು. ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತ್‌ನಲ್ಲಿ ಜಮೈಕನ್ನರ ನೆರೆಯಲ್ಲಿ ಬೆಳೆದ ಪಂಜಾಬಿ ಹುಡುಗ ಸ್ಟೀವನ್ ಕಪೂರ್, ಅಪಾಚೆ ಇಂಡಿಯನ್ ಎಂಬ ಹೆಸರಿನಲ್ಲಿ ಪಂಜಾಬಿ ಮತ್ತು ಪಟ್ವಾ ಬೆರೆಸಿ ಹಾಡಿ 1993ರ ಹೊತ್ತಿಗೆ ಭಾರತದಲ್ಲೂ ಮನೆಮಾತಾದ. ಕಿಂಗ್‌ಸ್ಟನ್ನಿನಿಂದ ನ್ಯೂಯಾರ್ಕಿಗೆ ಹೋದ ಕ್ಲೈವ್ ಕ್ಯಾಂಪ್‌ಬೆಲ್, ಅಂದರೆ ಕೂಲ್ ಹರ್ಕ್, 1973ರ ಆಗಸ್ಟ್ 11ರಂದು ಬ್ರಾಂಕ್ಸ್ ಪ್ರದೇಶದಲ್ಲಿ ನಡೆಸಿದ ಪಾರ್ಟಿಯನ್ನು ಹಿಪ್-ಹಾಪ್ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಕಾಲುವೆ ತೋಡಲು ಹೋದ ಜಮೈಕನ್ನರ ಸಂತತಿ ಪನಾಮಾದಲ್ಲಿ ಸ್ಪ್ಯಾನಿಷ್ ರೆಗೆ ಹಾಡಿತು. ಜಪಾನಿನ ಯೊಕೊಹಾಮಾದ ಮೈಟಿ ಕ್ರೌನ್ ತಂಡ 1999ರಲ್ಲಿ ನ್ಯೂಯಾರ್ಕಿನ ವಿಶ್ವ ಕ್ಲ್ಯಾಷ್ ಗೆದ್ದಿತು. 2002ರಲ್ಲಿ ಜುಂಕೊ ಕುಡೊ ಎಂಬ ಜಪಾನಿ ಹೆಣ್ಣುಮಗಳು ಜಮೈಕಾದಲ್ಲೇ ಡಾನ್ಸ್‌ಹಾಲ್ ಕ್ವೀನ್ ಆದಳು. ದೆಹಲಿಯಲ್ಲಿ 2009ರಲ್ಲಿ ರೆಗೆ ರಾಜಾಸ್ ತಂಡ ಹುಟ್ಟಿತು.

ಹೊರಗಿನ ಕೇಳುಗರು ಹೊಗಳಿದಷ್ಟೇ ಪ್ರಶ್ನಿಸಿದರು. 1992ರಲ್ಲಿ ಡೀಜೇ ಬುಜು ಬಾಂಟನ್ ಹಾಡಿದ, ಸಲಿಂಗಿಗಳ ಮೇಲೆ ಹಿಂಸೆಗೆ ಕರೆಕೊಡುವ ಹಾಡು ಜಗತ್ತಿನಾದ್ಯಂತ ಪ್ರತಿಭಟನೆ ಎಬ್ಬಿಸಿತು. ಅಂಥ ಹಾಡುಗಾರರ ಕಛೇರಿಗಳು ರದ್ದಾದವು. ಜಮೈಕಾದೊಳಗೂ 1997ರ ಶಬ್ದ ನಿಯಂತ್ರಣ ಕಾಯ್ದೆ ರಾತ್ರಿಯ ಕುಣಿತಕ್ಕೆ ಗಡಿ ಹಾಕಿತು. 2009ರಲ್ಲಿ ಪ್ರಸಾರ ಆಯೋಗ ತೀರ ಲೈಂಗಿಕವಾದ ಹಾಡುಗಳನ್ನು ರೇಡಿಯೊ, ಟಿವಿಯಿಂದ ಹೊರಗಿಟ್ಟಿತು. ಇನ್ನೊಂದು ಕಡೆ ಮನ್ನಣೆಯೂ ಬಂತು. ಯುನೆಸ್ಕೊ 2015ರಲ್ಲಿ ಕಿಂಗ್‌ಸ್ಟನ್ನನ್ನು ಸಂಗೀತದ ಸೃಜನಶೀಲ ನಗರವೆಂದು ಗುರುತಿಸಿತು. 2018ರ ನವೆಂಬರಿನಲ್ಲಿ ಜಮೈಕಾದ ರೆಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಬ್ಬರ ಮೇಲೊಬ್ಬರು ಕಟ್ಟುವ ರೂಢಿಗೆ ಈಗ ಕಾನೂನು ಎದುರಾಗಿದೆ. ಜಮೈಕಾ ತನ್ನದೇ ಆದ ಕೃತಿಸ್ವಾಮ್ಯ ಕಾಯ್ದೆ ತಂದದ್ದು 1993ರಲ್ಲಿ. ಅದಕ್ಕೆ ಮೊದಲಿನ ಎಷ್ಟೋ ವಾದಕರಿಗೆ ಸ್ಟುಡಿಯೊದಲ್ಲಿ ಕೈಗೆ ಸಿಕ್ಕ ದಿನಗೂಲಿಯೇ ಕೊನೆ. ಸ್ಟೀಲಿ ಮತ್ತು ಕ್ಲೀವಿ ಎಂಬ ನಿರ್ಮಾಪಕರ ಜೋಡಿ 1989ರಲ್ಲಿ ಕಟ್ಟಿದ 'ಫಿಷ್ ಮಾರ್ಕೆಟ್' ರಿಡಿಂ ಮುಂದಿನ ವರ್ಷ ಡೀಜೇ ಶಬ್ಬಾ ರ‍್ಯಾಂಕ್ಸ್‌ನ 'ಡೆಂ ಬೋ' ಹಾಡಿಗೆ ತಳಹದಿಯಾಯಿತು. ಅಲ್ಲಿಂದ ಪನಾಮಾ, ಪೋರ್ಟೊರಿಕೊಗಳಿಗೆ ದಾಟಿ ಸ್ಪ್ಯಾನಿಷ್ ಭಾಷೆಯ ರೆಗೆಟಾನ್ ಸಂಗೀತದ ಬೆನ್ನೆಲುಬೇ ಆಯಿತು. ಸ್ಟೀಲಿ ತೀರಿಕೊಂಡ ಮೇಲೆ, 2021ರಲ್ಲಿ ಕ್ಲೀವಿ ಹಾಗೂ ಸ್ಟೀಲಿಯ ವಾರಸುದಾರರ ಕಡೆಯವರು ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ರೆಗೆಟಾನ್ ಗಾಯಕರ ಮೇಲೆ ದಾವೆ ಹೂಡಿದರು. ಪ್ರತಿವಾದಿಗಳ ಪಟ್ಟಿ ನೂರನ್ನು ದಾಟಿತು. ಒಂದು ಲಯಕ್ಕೆ ಒಡೆಯರು ಇರಬಹುದೇ, ಎಲ್ಲರೂ ಬಳಸಿ ಬೆಳೆಸಿದ್ದರಲ್ಲಿ ಮೊದಲು ಕಟ್ಟಿದವರ ಪಾಲೆಷ್ಟು ಎಂಬುದು ಆ ದಾವೆಯ ತಿರುಳು. ಲೇಬಲ್ ಕೆರೆದು ಹಾಡು ಬಚ್ಚಿಟ್ಟ ಕಾಲದಿಂದ ಜಮೈಕಾದ ನಿರ್ಮಾಪಕರು ಇನ್ನೊಬ್ಬರ ಲಯವನ್ನು ಎತ್ತಿಕೊಳ್ಳುತ್ತಲೇ ಬಂದವರು. ತಮ್ಮ ಲಯವನ್ನು ಜಗತ್ತು ಎತ್ತಿಕೊಂಡಾಗ ಅದರ ಬೆಲೆ ಕೇಳುವ ಸರದಿ ಈಗ ಅವರದು.